ಬಸುರಿಗೆ ಹೊಟ್ಟೆನೋವೇ? ಗ್ಯಾಸ್ ಹೋಗಿದೆಯಾ ಅಂತ ಕೇಳಿ

ಎಲ್ಲರಿಗೂ ನಮಸ್ಕಾರ. ಇಂಥ ಮಳೆಯಲ್ಲೂ ಮಾದಾಪುರ, ಸುಂಟಿಕೊಪ್ಪ ಕಡೆಯಿಂದ ಇಷ್ಟು ಜನ ಆಶಾ ಅಕ್ಕಂದಿರು ಬಂದಿದ್ದೀರಿ. ತುಂಬಾ ಸಂತೋಷ.

ನಾನು 20 ವರ್ಷ ಹೆರಿಗೆ ವಾರ್ಡಿನಲ್ಲಿ ನರ್ಸ್ ಆಗಿದ್ದವಳು. ಒಬ್ಬ ಹುಡುಗಿ ಇವತ್ತಿಗೂ ನನ್ನ ಕಣ್ಣ ಮುಂದೆ ಇದ್ದಾಳೆ. ಕಾಫಿ ತೋಟದ ಲೈನ್ ಮನೆಯವಳು, 7 ತಿಂಗಳ ಬಸುರಿ. ಎರಡು ದಿನದಿಂದ ಹೊಟ್ಟೆನೋವು, ವಾಂತಿ. ಕಣಿಲೆ (ಎಳೆ ಬಿದಿರು) ಸಾರು ಆಗಿಬಂದಿಲ್ಲ ಅಂತ ಮನೆಯವರು ಜೀರಿಗೆ ಕಷಾಯ ಕೊಟ್ಟರು, ಆಮೇಲೆ ಹರಳೆಣ್ಣೆ. ನಾವೂ ಮೊದಲು ಗ್ಯಾಸ್ಟ್ರಿಕ್ ಅಂದುಕೊಂಡೇ ಇಂಜೆಕ್ಷನ್ ಕೊಟ್ಟೆವು. ಅದು ನಮ್ಮ ತಪ್ಪು.

ಬಟ್ಟೆ ಬದಲಿಸುವಾಗ ನೋಡಿದೆ. ಹೊಟ್ಟೆಯ ಬಲಗಡೆ ಕೆಳಗೆ ಓರೆಯಾಗಿ ಒಂದು ಹಳೆಯ ಹೊಲಿಗೆ ಗುರುತು. ಚಿಕ್ಕವಳಿದ್ದಾಗ ಆದ ಅಪೆಂಡಿಕ್ಸ್ ಆಪರೇಷನ್. ಬೇಸಿನ್‌ನಲ್ಲಿದ್ದ ವಾಂತಿ ಹಸಿರು, ಕೊತ್ತಂಬರಿ ಸೊಪ್ಪು ಅರೆದ ನೀರಿನ ಹಾಗೆ. "ಗ್ಯಾಸ್ ಯಾವಾಗ ಹೋಯ್ತಮ್ಮ?" ಅಂದೆ. ಪಾಪ, ನಾಚಿಕೊಂಡು ಗೋಡೆ ಕಡೆ ತಿರುಗಿದಳು. "ನಿನ್ನೆ ಬೆಳಿಗ್ಗೆಯಿಂದ ಇಲ್ಲ ಸಿಸ್ಟರ್" ಅಂದಳು. ಕರುಳು ಕಟ್ಟಿತ್ತು, ಅಂದರೆ ಕರುಳಿನ ದಾರಿ ಮುಚ್ಚಿಹೋಗಿತ್ತು. ಅವತ್ತು ರಾತ್ರಿಯೇ ಆಪರೇಷನ್ ಆಯಿತು. ತಾಯಿ, ಮಗು ಇಬ್ಬರೂ ಉಳಿದರು.

ಹೊಟ್ಟೆಯ ಆಪರೇಷನ್ ಆದಾಗ ಒಳಗೆ ನಾರಿನಂಥ ಪಟ್ಟಿ ಬೆಳೆದು ಕರುಳುಗಳು ಒಂದಕ್ಕೊಂದು ಅಂಟಿಕೊಳ್ಳಬಹುದು. ವರ್ಷಗಟ್ಟಲೆ ಅದು ಸುಮ್ನೆ ಇರುತ್ತದೆ. ಗರ್ಭಕೋಶ ಬೆಳೆಯುತ್ತಾ ಕರುಳನ್ನು ಮೇಲಕ್ಕೆ ತಳ್ಳಿದಾಗ ಆ ಪಟ್ಟಿಗೆ ಸಿಕ್ಕಿ ದಾರಿ ಮುಚ್ಚಬಹುದು. ಬಸುರಿಯರಲ್ಲಿ ಕರುಳು ಕಟ್ಟುವುದಕ್ಕೆ ಹೆಚ್ಚಾಗಿ ಇದೇ ಕಾರಣ. ಸಿಸೇರಿಯನ್ ಆದವರಲ್ಲೂ ಆಗಬಹುದು. ಕೆಲವರಿಗೆ ಕರುಳೇ ತಿರುಚಿಕೊಳ್ಳುತ್ತದೆ. ತೀರಾ ಅಪರೂಪದ ಕಾಯಿಲೆ ಇದು, ಹಾಗಾಗಿಯೇ ಯಾರಿಗೂ ಥಟ್ಟನೆ ಹೊಳೆಯುವುದಿಲ್ಲ. ನಾಲ್ಕೈದನೇ ತಿಂಗಳು, ಕೊನೆಯ ತಿಂಗಳುಗಳು, ಹೆರಿಗೆಯಾದ ಮೊದಲ ದಿನಗಳು, ಇವು ಹೆಚ್ಚು ಎಚ್ಚರ ಬೇಕಾದ ಸಮಯ.

ಬಸುರಿ ಅಂದಮೇಲೆ ವಾಂತಿ ಇದ್ದದ್ದೇ, ಕಬ್ಬಿಣದ ಮಾತ್ರೆ ತಿಂದರೆ ಮಲಬದ್ಧತೆಯೂ ಇದ್ದದ್ದೇ, ಅಲ್ವಾ? ನಾವು ಮೋಸ ಹೋಗುವುದು ಇಲ್ಲೇ. ಬಸುರಿನ ವಾಂತಿ ಸಾಮಾನ್ಯವಾಗಿ ನಾಲ್ಕೈದು ತಿಂಗಳಿಗೆ ಇಳಿಯುತ್ತದೆ. ಆಮೇಲೆ ಹೊಸದಾಗಿ ಶುರುವಾದರೆ ಅನುಮಾನ ಪಡಿ. ಬರೀ ಮಲಬದ್ಧತೆ ಇದ್ದರೆ ಗ್ಯಾಸ್ ಹೋಗುತ್ತಲೇ ಇರುತ್ತದೆ. ಕರುಳು ಕಟ್ಟಿದರೆ ಅದೂ ನಿಲ್ಲುತ್ತದೆ, ಹೊಟ್ಟೆ ಉಬ್ಬುತ್ತದೆ, ನೋವು ಹಿಂಡಿ ಹಿಂಡಿ ಬಿಡುತ್ತದೆ. ಆದರೆ ಶುರುವಿನಲ್ಲಿ ಒಂದೆರಡು ಸಲ ಮಲ ಹೋಗಲೂಬಹುದು, ಅದನ್ನು ನಂಬಿ ಕೂರಬೇಡಿ. ಬಿಟ್ಟು ಬಿಟ್ಟು ಬರುತ್ತಿದ್ದ ನೋವು ಬಿಡದೆ ಹಿಡಿದುಕೊಂಡರೆ, ಜ್ವರ ಬಂದರೆ, ಕರುಳಿಗೆ ರಕ್ತ ಹೋಗುವುದು ನಿಂತಿರಬಹುದು. ಆಗ ಒಂದೊಂದು ಗಂಟೆಯೂ ಮುಖ್ಯ.

ಅನುಮಾನ ಬಂದರೆ ಹರಳೆಣ್ಣೆ ಬೇಡ, ಮನೆಯಲ್ಲಿ ಎನಿಮಾ ಬೇಡ, ಬಾಯಿಗೆ ಏನೂ ಕೊಡಬೇಡಿ. ಎಡಮಗ್ಗುಲಿಗೆ ಮಲಗಿಸಿ 108ಕ್ಕೆ ಫೋನ್ ಮಾಡಿ. ನಮ್ಮ ಕೊಡಗಿನಲ್ಲಿ ಆಟಿ ತಿಂಗಳ ಮಳೆಗೆ ಮರ ಬಿದ್ದು, ಗುಡ್ಡ ಜರಿದು ದಾರಿ ಮುಚ್ಚುತ್ತದೆ. 2018ರಲ್ಲಿ ನಾವೇ ನೋಡಿದ್ದೇವೆ. ಬೆಳಿಗ್ಗೆವರೆಗೆ ನೋಡೋಣ ಅನ್ನಬೇಡಿ. ಸರ್ಜನ್ ಇರುವ ಆಸ್ಪತ್ರೆಗೇ ಕರೆದುಕೊಂಡು ಹೋಗಿ. ಅಲ್ಲಿ ಎಕ್ಸ್-ರೇ ಬೇಕು ಅಂದರೆ ಮಗುವಿಗೆ ತೊಂದರೆ ಅಂತ ಹೆದರಿ ಬೇಡ ಅನ್ನಬೇಡಿ. ಒಂದೆರಡು ಎಕ್ಸ್-ರೇಗಿಂತ ಕಾಯಿಲೆ ಗೊತ್ತಾಗದೆ ಉಳಿಯುವುದೇ ಜಾಸ್ತಿ ಅಪಾಯ.

ನಾಳೆ ಮನೆ ಭೇಟಿಗೆ ಹೋದಾಗ ಪ್ರತಿ ಬಸುರಿಯನ್ನೂ ಕೇಳಿ: "ಹಿಂದೆ ಹೊಟ್ಟೆಗೆ ಏನಾದರೂ ಆಪರೇಷನ್ ಆಗಿದೆಯಾ?" ಆಗಿದ್ದರೆ ತಾಯಿ ಕಾರ್ಡಿನ ಮೇಲ್ಗಡೆಯೇ, ಎದ್ದು ಕಾಣುವ ಹಾಗೆ ಬರೆಯಿರಿ.