ಗುಂಡು ಕೆಳಗಿಳಿಯೋ ಕಪ್ಪು ರಂಧ್ರ

ನಮಸ್ಕಾರ ಕೇಳುಗರೇ. ಪಿನ್‌ಬಾಲ್ ಅಂದ್ರೆ ಗೊತ್ತಲ್ವಾ, ಗಾಜಿನ ಕೆಳಗೆ ಓಡೋ ಉಕ್ಕಿನ ಗುಂಡು, ಬಟನ್ ಒತ್ತಿದ್ರೆ ಪಟ್ ಅಂತ ಹೊಡೆಯೋ ಫ್ಲಿಪ್ಪರ್‌ಗಳು, ಸುತ್ತ ಮಿಣಮಿಣ ಲೈಟು. ಇವತ್ತು ನನಗೆ ತುಂಬಾ ಇಷ್ಟದ ಒಂದು ಹಳೇ ಮಷಿನ್ ಬಗ್ಗೆ ಹೇಳ್ತೀನಿ, ಗಾಟ್ಲೀಬ್ ಕಂಪನಿ 1981ರಲ್ಲಿ ಅಮೆರಿಕಾದಲ್ಲಿ ತಂದ ಬ್ಲ್ಯಾಕ್ ಹೋಲ್.

ಆಗ ಅಲ್ಲಿನ ಆರ್ಕೇಡ್‌ಗಳಲ್ಲಿ ಪ್ಯಾಕ್‌ಮ್ಯಾನು, ಆಸ್ಟರಾಯ್ಡ್ಸು ಅಂತ ವಿಡಿಯೋ ಗೇಮ್‌ಗಳದ್ದೇ ಜೋರು, ಚಿಲ್ಲರೆಯೆಲ್ಲ ಅಲ್ಲಿಗೇ ಹೋಗ್ತಿತ್ತು. ಪಿನ್‌ಬಾಲ್ ಮಾಡೋರು ಏನಾದ್ರೂ ಹೊಸದು ಕೊಡಲೇಬೇಕಿತ್ತು. ಅಂತರಿಕ್ಷದ ಚಿತ್ರ ಬರೆದ ಮಷಿನ್‌ಗಳು ಅದಕ್ಕೆ ಮುಂಚೆನೂ ಬೇಕಾದಷ್ಟಿದ್ವು, ಗಾಜಿನ ಮೇಲೆ ರಾಕೆಟ್ಟು, ಗ್ರಹ, ನಕ್ಷತ್ರ, ಆದ್ರೆ ಆ ಚಿತ್ರ ಅಳಿಸಿ ಕುದುರೆ ರೇಸ್ ಬರೆದ್ರೂ ಎಷ್ಟೋ ಮಷಿನ್‌ಗಳಲ್ಲಿ ಆಟ ಅದೇ ಇರ್ತಿತ್ತು. ಬ್ಲ್ಯಾಕ್ ಹೋಲ್ ಹಾಗಲ್ಲ.

ಇದರ ಹಲಗೆ ಮಧ್ಯದಲ್ಲಿ ಒಂದು ಕಿಟಕಿ ಇದೆ, ಬಗ್ಗಿ ನೋಡಿದ್ರೆ ಕೆಳಗೆ ಇನ್ನೊಂದು ಪುಟ್ಟ ಆಟದ ಹಲಗೆ ಕಾಣತ್ತೆ. ಮೇಲಿನ ಹಲಗೆ ಎಲ್ಲಾ ಪಿನ್‌ಬಾಲ್ ಥರಾನೇ ಆಡೋರ ಕಡೆಗೆ ಇಳಿಜಾರು. ಕೆಳಗಿಂದು ಉಲ್ಟಾ! ಗುಂಡು ನಮ್ಮಿಂದ ದೂರ, ಒಳಗೊಳಗೆ ಜಾರ್ತಾ ಹೋಗತ್ತೆ, ಫ್ಲಿಪ್ಪರ್‌ಗಳೂ ಆ ತುದೀಲೇ ಇವೆ, ಅಲ್ಲಿಂದ ಗುಂಡನ್ನ ನಮ್ಮ ಕಡೆಗೆ ಹೊಡೀಬೇಕು.

ಮೊದಲ ಸಲ ಆಡಿದಾಗ ನಂಗೆ ಕೈಯೇ ಓಡಲಿಲ್ಲ. 80 ಗ್ರಾಂ ತೂಕದ ಗುಂಡು ಕಣ್ಣೆದುರಿಗೇ ರಂಧ್ರಕ್ಕಿಳೀತು, ಇಲ್ಲೇ ಇದ್ದಿದ್ದು ಈಗ ಕಿಟಕಿಯ ಆ ಕಡೆ, ಇಷ್ಟು ವರ್ಷ ರೂಢಿಯಾದ ಇಳಿಜಾರೇ ತಿರುಗಿಬಿಟ್ಟಿದೆ, ಯಾವಾಗ ಬಟನ್ ಒತ್ತಬೇಕು ಅನ್ನೋ ಅಂದಾಜೇ ಸಿಗ್ತಿಲ್ಲ. ಕಪ್ಪು ರಂಧ್ರದ ಸೆಳೆತಾನ ಚಿತ್ರದಲ್ಲಿ ತೋರಿಸೋ ಬದಲು ಹಲಗೆಯ ಓರೆಯಲ್ಲೇ ತಂದಿದಾರಲ್ಲ, ನನ್ನ ಪ್ರಕಾರ ಪಿನ್‌ಬಾಲ್ ವಿನ್ಯಾಸದಲ್ಲಿ ಇದಕ್ಕಿಂತ ಚಂದದ ಯೋಚನೆ ಕಮ್ಮಿ.

ಕೆಳಗಿಂದ ಮೇಲೆ ಬರಕ್ಕೆ ದಾರಿನೂ ಇದೆ, ಆದ್ರೆ ಸುಮ್ನೆ ಸಿಗಲ್ಲ. ಅಲ್ಲಿರೋ ಗುರಿಗಳನ್ನ ಹೊಡೆದು ಗೇಟ್ ತೆರೆಸ್ಕೋಬೇಕು. ತೆರೀತು ಅಂದ್ರೆ ಗುಂಡು ವಾಪಸ್ ಮೇಲಕ್ಕೆ, ಇಲ್ಲಾಂದ್ರೆ ಹೋಯ್ತು. ಮಷಿನ್ ಬೇರೆ ಮಾತಾಡತ್ತೆ, ಆಡೋರನ್ನ ಕರೆಯತ್ತೆ. ಎದುರಿಗಿನ ಗಾಜಿನ ಹಿಂದೆ ಒಂದು ಸುರುಳಿ ಚಿತ್ರದ ತಟ್ಟೆ ತಿರುಗ್ತಾನೇ ಇರತ್ತೆ, ಕನ್ನಡಿಗಳ ನಡುವೆ ಲೈಟುಗಳು ಒಂದರ ಹಿಂದೊಂದು ಕೊನೆಯೇ ಇಲ್ಲದ ಹಾಗೆ ಕಾಣ್ತವೆ. ಅದೇ ಇಡೀ ಆರ್ಕೇಡಲ್ಲಿ ದೂರದಿಂದ ನನ್ನ ಎಳ್ಕೊಂಡು ಹೋಗಿದ್ದು.

ಆ ದಿನ ಏಳನೇ ಆಟಕ್ಕೆ ಗೇಟ್ ತೆರೀತು. ಕಿಟಕಿಯೊಳಗಿದ್ದ ಗುಂಡು ಮಾಯ ಆಗಿ ಟಣ್ ಅಂತ ಮೇಲಿನ ಹಲಗೆಗೆ ಬಂದು ಬಿತ್ತು, ನಾನು ಅದನ್ನೇ ನೋಡ್ತಾ ಫ್ಲಿಪ್ಪರ್ ಒತ್ತೋದೇ ಮರೆತುಬಿಟ್ಟೆ.