ಹಳೇ ಕಾಯಿಲೆನಾ, ಬೇರೇನಾ?

ನಮಸ್ಕಾರ ಕೇಳುಗರೇ. ಒಬ್ರು ಅಂಗಿ ಗುಂಡಿ ಹಾಕ್ಕೋತಿದಾರೆ ಅನ್ಕೊಳ್ಳಿ, ಎಡಗೈ ಬೆರಳು ಯಾಕೋ ಮಾತು ಕೇಳ್ತಿಲ್ಲ. ಜ್ವರ ಇಲ್ಲ, ತಲೆನೋವಿಲ್ಲ. ಮೊದ್ಲಿಂದ ಮಲ್ಟಿಪಲ್ ಸ್ಕ್ಲೆರೋಸಿಸ್, ಅಂದ್ರೆ ಎಂಎಸ್ ಅನ್ನೋ ಮೆದುಳು-ನರದ ಕಾಯಿಲೆ ಇದೆಯಲ್ಲ, ಅದೇ ಮತ್ತೆ ತಲೆ ಎತ್ತಿರ್ಬೇಕು ಅಂತ ಸುಮ್ನಾಗ್ತಾರೆ. ಎರಡು ವಾರ ಕಳೆದ್ಮೇಲೆ ಪೇಪರ್ ಓದೋವಾಗ ಸಾಲಿನ ಒಂದು ಬದಿಯ ಅಕ್ಷರಗಳೇ ಕಾಣ್ತಿಲ್ಲ. ನಾನಿವತ್ತು ಮಾತಾಡೋದು ಆ ಎರಡು ವಾರದ ಬಗ್ಗೆನೇ.

ಎಂಎಸ್ ಥರದ ಆಟೋಇಮ್ಯೂನ್ ಕಾಯಿಲೆ ಅಂದ್ರೆ ಬೇಲಿಯೇ ಎದ್ದು ಹೊಲ ಮೇಯ್ದಂಗೆ, ದೇಹ ಕಾಯಬೇಕಾದ ರೋಗನಿರೋಧಕ ಶಕ್ತಿನೇ ದೇಹದ ಮೇಲೆ ಬೀಳುತ್ತೆ. ಮೇಯೋ ಬೇಲಿನ ಹಿಡಿದು ಕೂರ್ಸೋಕೆ ಔಷಧಿ ಕೊಡ್ತಾರೆ, ಆದ್ರೆ ಬೇಲಿ ಕೂತ್ಬಿಟ್ರೆ ಹೊಲ ಕಾಯೋರ್ಯಾರು? ಜೆಸಿ ವೈರಸ್ ಅಂತ ಒಂದಿದೆ, 1971ರಲ್ಲಿ ಒಬ್ಬ ರೋಗಿಯ ಮೆದುಳಲ್ಲಿ ಸಿಕ್ಕಿದ್ದು, ಅವರ ಇನಿಷಿಯಲ್ಲೇ ಅದಕ್ಕೆ ಹೆಸರಾಯ್ತು. ದೊಡ್ಡವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನಕ್ಕೆ ಇದು ಯಾವಾಗ್ಲೋ ತಗುಲಿ, ಕಿಡ್ನಿಯಂಥ ಕಡೆ ತೆಪ್ಪಗೆ ಮಲಗಿರುತ್ತೆ, ನಮಗೆ ಗೊತ್ತೇ ಆಗಲ್ಲ. ಕಾವಲು ಕಮ್ಮಿಯಾದಾಗ ಅಪರೂಪಕ್ಕೆ ಮೆದುಳಿಗೆ ಹೋಗಿ, ನರದ ಮೇಲೆ ವೈರಿನ ಇನ್ಸುಲೇಷನ್ ಥರ ಇರೋ ಮೈಲಿನ್ ಹೊದಿಕೆ ಮಾಡೋ ಜೀವಕೋಶಗಳನ್ನೇ ಕೊಲ್ಲುತ್ತೆ. ಈ ಮೆದುಳಿನ ಸೋಂಕಿಗೆ ಪಿಎಂಎಲ್ ಅಂತಾರೆ. ಎಂಎಸ್‌ನಲ್ಲೂ ಹಾಳಾಗೋದು ಅದೇ ಮೈಲಿನ್ನೇ, ಗೊಂದಲ ಹುಟ್ಟೋದೇ ಅಲ್ಲಿ.

ನಟಾಲಿಜುಮಾಬ್ ಕಥೆನೇ ನೋಡಿ. ಬಿಳಿ ರಕ್ತಕಣ ಮೆದುಳೊಳಗೆ ನುಗ್ಗದಂಗೆ ತಡೆಯೋ ಔಷಧಿ, ಎಂಎಸ್‌ಗೆ ಸಖತ್ ಕೆಲಸ ಮಾಡುತ್ತೆ. 2004ರ ನವೆಂಬರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ತು, 2005ರ ಫೆಬ್ರವರಿಲೇ ಪಿಎಂಎಲ್ ಕೇಸ್ ಬಂದು ವಾಪಸ್ ತಗೊಂಡ್ರು, 2006ರಲ್ಲಿ ಕಟ್ಟುನಿಟ್ಟಿನ ಷರತ್ತು ಹಾಕಿ ಮತ್ತೆ ಬಿಟ್ರು. ನನ್ ಪ್ರಕಾರ ಬಿಟ್ಟಿದ್ದು ಸರಿನೇ. ಯಾರಿಗೆ ರಿಸ್ಕ್ ಜಾಸ್ತಿ ಅಂತ ಈಗ ತಕ್ಕಮಟ್ಟಿಗೆ ಅಂದಾಜು ಹಾಕ್ಬಹುದು: ರಕ್ತದಲ್ಲಿ ಜೆಸಿ ಆಂಟಿಬಾಡಿ ಇದೆಯಾ, ಔಷಧಿ ಶುರು ಮಾಡಿ 2 ವರ್ಷ ದಾಟಿದೆಯಾ, ಮುಂಚೆ ಬೇರೆ ಇಮ್ಯೂನ್ ತಗ್ಗಿಸೋ ಔಷಧಿ ತಗೊಂಡಿದ್ರಾ. ಲೂಪಸ್, ಸಂಧಿವಾತದಂಥ ಬೇರೆ ಆಟೋಇಮ್ಯೂನ್ ಕಾಯಿಲೆಗೆ ರಿಟುಕ್ಸಿಮಾಬ್ ಅನ್ನೋ ಔಷಧಿ ತಗೊಂಡೋರಲ್ಲೂ ಪಿಎಂಎಲ್ ಬಹಳ ಅಪರೂಪಕ್ಕೆ ಕಾಣಿಸ್ಕೊಂಡಿದೆ.

ಈ ವೈರಸ್ಸನ್ನೇ ಹೊಡೆಯೋ ಖಾತ್ರಿ ಔಷಧಿ ಇಲ್ಲ. ಎಂಆರ್‌ಐ ಮಾಡಿ, ಬೆನ್ನುಹುರಿ ನೀರಲ್ಲಿ ವೈರಸ್ ಹುಡುಕಿ, ಪಿಎಂಎಲ್ ಅಂತ ಗೊತ್ತಾದ್ರೆ ಡಾಕ್ಟ್ರು ಔಷಧಿ ನಿಲ್ಲಿಸಿ ಕಾವಲು ವಾಪಸ್ ಬರೋಕೆ ಬಿಡ್ತಾರೆ, ಆದ್ರೆ ಆ ಕಾವಲು ಒಮ್ಮೆಗೇ ನುಗ್ಗಿದ್ರೆ ಮೆದುಳು ಊದ್ಕೊಳ್ಳುತ್ತೆ, ಅದೊಂದು ಬೇರೆ ಫಜೀತಿ. ಹಾಗಂತ ಇದನ್ನ ಕೇಳಿ ಹೆದರಿ ನೀವೇ ಔಷಧಿ ಬಿಟ್ಬಿಡ್ಬೇಡಿ, ಹಳೇ ಕಾಯಿಲೆ ಡಬಲ್ ಆಗಿ ತಿರುಗಿ ಬರಬಹುದು. ಎಂಎಸ್ ಅಟ್ಯಾಕ್ ಸಾಮಾನ್ಯವಾಗಿ ಗಂಟೆ, ದಿನಗಳಲ್ಲಿ ಏರುತ್ತೆ, ಪಿಎಂಎಲ್ ವಾರಗಟ್ಟಲೆ ತೆವಳ್ಕೊಂಡು ಬರುತ್ತೆ. ಅದಕ್ಕೇ ಡಾಕ್ಟ್ರು ಮೊದ್ಲು ಕೇಳೋದು, ಗುಂಡಿ ಹಾಕೋಕೆ ಕಷ್ಟ ಆಗಿದ್ದು ಯಾವತ್ತಿಂದ ಅಂತ. ಕ್ಯಾಲೆಂಡರ್ ಮೇಲೆ ಆ ತಾರೀಕಿಗೊಂದು ಗುರುತು ಹಾಕಿಟ್ಟಿರಿ.