ಹದಿನಾರು ಕಾಲು ಮಂಟಪ ಯಾಕೆ ಬೀಳಲ್ಲ?

ಕಪಿಲೆ, ಅಂದ್ರೆ ಕಬಿನಿ ಹೊಳೆ, ಉಕ್ಕಿದಾಗೆಲ್ಲ ಟಿವಿಯವರು ಮೊದಲು ತೋರಿಸೋದು ನಂಜನಗೂಡಿನ ಹದಿನಾರು ಕಾಲು ಮಂಟಪಾನ. ‘ಮಂಟಪ ಮುಳುಗಡೆ’ ಅಂತ ಕೆಳಗೆ ಪಟ್ಟಿ ಓಡ್ತಿರುತ್ತೆ. ನೀರು ಇಳಿದ ಮೇಲೆ ಹೋಗಿ ನೋಡಿ, ಮಂಟಪ ಹಂಗೇ ನಿಂತಿರುತ್ತೆ. ಬಿದ್ದಿರೋದು ಹಿಂದಿನ ಬೀದಿಗಳ ಮನೆಗಳು.

ನಮ್ಮ ಚಿಕ್ಕಮ್ಮನ ಮನೆ ನಂಜನಗೂಡಿನ ಹಳ್ಳದಕೇರೀಲಿ. ಹೆಸರಲ್ಲೇ ಹಳ್ಳ ಇದೆ, ಇನ್ನೇನು ಹೇಳೋದು! 2019ರ ಆಗಸ್ಟ್‌ನಲ್ಲಿ ಗಂಜಿ ಕೇಂದ್ರದಿಂದ ವಾಪಸ್ ಬಂದಾಗ ಗೋಡೆ ನಿಂತೇ ಇತ್ತಂತೆ. ‘ನೀರು ಬಂದಾಗ ಬೀಳ್ಲಿಲ್ಲ ಕಣಪ್ಪ, ಬಿಸಿಲು ಬಂದ್ಮೇಲೆ ಬಿತ್ತು’ ಅಂತಾರೆ. ಮಣ್ಣಿನ ಗೋಡೆ ಹಂಗೇನೇ. ಬುಡ ನೀರು ಕುಡಿದು ಮೆತ್ತಗಾಗಿರುತ್ತೆ, ಹೊರಮೈ ಒಣಗಿ ಬಿರುಕು ಬಿಡುತ್ತೆ, ಮೇಲಿನ ಹೆಂಚಿನ ಭಾರ ತಡೀದೆ ಒಂದು ಮಧ್ಯಾಹ್ನ ಕುಸಿದು ಕೂತ್ಕೊಳ್ಳುತ್ತೆ.

ಇದೇನು ಅಪರೂಪಕ್ಕೆ ಬರೋ ನೀರಲ್ಲ. ಕಬಿನಿ ಜಲಾಶಯ ಹಿಡಿಯೋದೇ 19.52 ಟಿಎಂಸಿ, ಕೆಆರ್‌ಎಸ್‌ನ ಅರ್ಧಕ್ಕಿಂತ ಕಮ್ಮಿ. ವಯನಾಡಲ್ಲಿ ಜೋರು ಮಳೆ ಆದ್ರೆ ಬೇಗ ತುಂಬುತ್ತೆ, ಗೇಟು ಎತ್ತಲೇಬೇಕು. 2018ರಲ್ಲೂ ಎತ್ತಿದ್ರು, ಮರುವರ್ಷಾನೂ ಎತ್ತಿದ್ರು.

ಪೂರ್ತಿ ಬಿದ್ದ ಮನೆಗೆ 2019ರಲ್ಲಿ ಸರ್ಕಾರ 5 ಲಕ್ಷ ಘೋಷಿಸ್ತು. ಒಳ್ಳೇದೇ. ಆದ್ರೆ ಚಿಕ್ಕಮ್ಮನ ಮನೆ ನೋಡೋಕೆ ಬಂದವರು ಗೋಡೆ ಎಷ್ಟು ಬಿದ್ದಿದೆ ಅಂತ ಅಳೆದ್ರು, ಫೋಟೋ ತೆಗೆದ್ರು. ನೀರು ಎಷ್ಟೆತ್ತರ ನಿಂತಿತ್ತು ಅಂತ ಯಾರೂ ಕೇಳ್ಲಿಲ್ಲ. ನನ್ನ ಜಗಳ ಇರೋದೇ ಇಲ್ಲಿ. ಹೊಳೆ ದಡದಲ್ಲಿ ಮನೆ ಕಟ್ಟೋಕೆ ಕೊಡೋ ದುಡ್ಡು ಮೊದಲು ಮನೆ ನೆಲಾನ ನೀರಿಗಿಂತ ಮೇಲೆತ್ತೋಕೆ ಖರ್ಚಾಗ್ಬೇಕು.

ಮಂಟಪ ಯಾಕೆ ಬೀಳಲ್ಲ? ಕಲ್ಲು ಅನ್ನೋದು ಒಂದು. ಅದಕ್ಕಿಂತ ದೊಡ್ಡದು, ಅದಕ್ಕೆ ಗೋಡೆ ಇಲ್ಲ. ನೀರು ಕಂಬದ ನಡುವೆ ನುಗ್ಗಿ ಆಚೆ ಹೋಗುತ್ತೆ. ಅಸ್ಸಾಮಿನ ಮಿಸಿಂಗ್ ಜನ ಬ್ರಹ್ಮಪುತ್ರದ ಪಕ್ಕ ಬಿದಿರಿನ ಕಾಲಿನ ಮೇಲೆ ಚಾಂಗ್ ಘರ್ ಕಟ್ಕೊಂಡು ಬದುಕೋದೂ ಇದೇ ಲೆಕ್ಕದಲ್ಲಿ. ನಮಗೆ ಬಿದಿರು ಯಾಕೆ? ತೋಟದ ಬೇಲಿಗೆ ನೆಡೋ ಕಲ್ಲುಕಂಬ ಇಲ್ವಾ? ಅದನ್ನೇ ದಪ್ಪಕ್ಕೆ ಕಡಿಸಿ, ಗಟ್ಟಿ ಪಾಯದ ಮೇಲೆ ನಿಲ್ಲಿಸಿ, ಮೇಲೆ ಸಣ್ಣ ಮನೆ. ಬೇಸಿಗೇಲಿ ಕೆಳಗೆ ಬೈಕು, ಮೇಕೆ. ಗೋಡೆಗೆ ಸ್ವಲ್ಪ ಸಿಮೆಂಟ್ ಬೆರೆಸಿ ಯಂತ್ರದಲ್ಲಿ ಒತ್ತಿದ ಮಣ್ಣಿನ ಇಟ್ಟಿಗೆ ಸಾಕು, ಸುಡೋ ಸೌದೆ ಉಳಿಯುತ್ತೆ. ಸ್ವಿಚ್ ಬೋರ್ಡು ಎದೆಮಟ್ಟಕ್ಕೆ. ಕಕ್ಕಸೂ ಮೇಲೇನೇ, ಇಲ್ಲಾಂದ್ರೆ ಹೊಳೆ ಬಾಗಿಲಿಗೆ ಬರೋಕೆ ಮುಂಚೆ ಗುಂಡಿ ಉಕ್ಕಿ ಒಳಗೆ ಬಂದಿರುತ್ತೆ. ಅನುಭವಿಸಿದವರಿಗೆ ಗೊತ್ತು.

‘ಮಣ್ಣು ತುಂಬಿ ಎತ್ತರ ಮಾಡ್ಕೊಂಡ್ರೆ ಆಯ್ತಲ್ಲ’ ಅಂತೀರ. ಆಯ್ತು, ನಿಮ್ಮ ಮನೆಗೆ ಬರಬೇಕಿದ್ದ ನೀರು ಪಕ್ಕದವರ ಅಡುಗೆಮನೆಗೆ ಹೋಗುತ್ತೆ ಅಷ್ಟೆ. ಮಂಡಿನೋವಿನ ಅಜ್ಜಿ ಮೆಟ್ಟಿಲು ಹತ್ತೋದು ಹೆಂಗೆ ಅಂತ ಕೇಳಿದ್ರೆ ಮಾತ್ರ ನನ್ನ ಹತ್ರ ಪೂರ್ತಿ ಉತ್ತರ ಇಲ್ಲ. ಮೆಟ್ಟಿಲು ತಗ್ಗಾಗಿರ್ಲಿ, ಹಿಡ್ಕೊಳ್ಳೋಕೆ ಕಂಬಿ ಇರ್ಲಿ. ಊರಾಚೆ ಸೈಟು ಕೊಟ್ಟು ಕಳಿಸೋದಕ್ಕಿಂತ ಇದು ವಾಸಿ. ಹೊಳೆ ದಡದ ಹೂವಿನ ವ್ಯಾಪಾರದವರು ಅಲ್ಲಿ ಹೋಗಿ ಯಾರಿಗೆ ಮಾರ್ತಾರೆ?

ಚಿಕ್ಕಮ್ಮನ ಹೊಸ ಮನೆ ಎದ್ದಿದೆ. ಟೈಲ್ಸ್ ಹಾಕ್ಸಿದಾರೆ, ಚೆನ್ನಾಗಿದೆ. ಪಕ್ಕದ ಮನೆ ಗೋಡೆ ಮೇಲೆ ಆ ಪ್ರವಾಹದ ಕೆಂಪು ಗೆರೆ ಇನ್ನೂ ಇದೆ. ಮೊನ್ನೆ ಕೈಯಿಟ್ಟು ಅಳೆದೆ. ಹೊಸ ಹೊಸ್ತಿಲು ಆ ಗೆರೆಗಿಂತ ನಾಲ್ಕು ಗೇಣು ಕೆಳಗಿದೆ.